ನನ್ನ ಹೆಸರಿನ ಯೋಕಾನ್

ಜಪಾನಿಗೆ ಬಂದ ಮೇಲೆ ನಾನು ಮಾಡಿದ ಮೊದಲ ತಪ್ಪಿಗೆ ಕ್ಷಮೆ ಕೇಳಿದವಳು ನಾನಲ್ಲ, ಮಿಸುಜು. ಅಡುಗೆಮನೆ ಕಸ ಹಾಕುವ ದಿನ ನಾನು ಗಾಜಿನ ಬಾಟಲಿಗಳನ್ನು ಬೀದಿ ಮೂಲೆಯಲ್ಲಿ ಇಟ್ಟು ಬಂದಿದ್ದೆ. ಕಸದ ವಿಷಯದಲ್ಲಿ ಈ ಊರಿನವರು ದೇವರು ಬಂದು ಹೇಳಿದರೂ ಕೇಳುವವರಲ್ಲ. ಚೀಲಕ್ಕೆ ಕೆಂಪು ಚೀಟಿ ಅಂಟಿಸಿ ನಮ್ಮ ಬಾಗಿಲಿಗೇ ವಾಪಸ್ಸು ತಂದಿಟ್ಟಿದ್ದರು. ಮುಂದಿನ ವಾರ ಹಾಕಿದರಾಯಿತು ಎಂದು ನಾನು ಸುಮ್ಮನಾದೆ. ಅದೇ ಮನೆಯಲ್ಲಿದ್ದ ಮಿಸುಜು ಸುಮ್ಮನಾಗಲಿಲ್ಲ. ಕೂದಲು ಎತ್ತಿ ಕಟ್ಟಿ, ಇಸ್ತ್ರಿ ಮಾಡಿದ ಅಂಗಿ ಹಾಕಿ, ಅಕ್ಕಿ ಬಿಸ್ಕತ್ತಿನ ಡಬ್ಬಿ ಕೊಂಡು, ನನ್ನ ತೋಳು ಹಿಡಿದು ಬೀದಿಯ ಹಿರಿಯಜ್ಜಿಯ ಮನೆಗೆ ಎಳೆದುಕೊಂಡು ಹೋದಳು.

"ಇವಳು ಹೊಸಬಳು ಅಜ್ಜಿ, ಗೊತ್ತಾಗಿಲ್ಲ. ಸರಿಯಾಗಿ ಹೇಳ್ಕೊಡದೇ ಇದ್ದದ್ದು ನನ್ನ ತಪ್ಪು," ಎಂದು ಸೊಂಟದವರೆಗೆ ಬಗ್ಗಿದಳು. ಪಕ್ಕದಲ್ಲಿ ನಾನೂ ಅರ್ಧಂಬರ್ಧ ಬಗ್ಗಿದೆ.

"ಅಯ್ಯೋ, ಇಷ್ಟಕ್ಕೆಲ್ಲ ಯಾಕಮ್ಮಾ ತೊಂದರೆ ತಗೊಂಡ್ರಿ!" ಎನ್ನುತ್ತಲೇ ಅಜ್ಜಿ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಮರುದಿನ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಎರಡು ಮೂಲಂಗಿ ಇದ್ದವು. ಕಸದ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.

ಆ ದಿನ ಅಜ್ಜಿಯ ಮನೆಯಿಂದ ವಾಪಸ್ಸು ಬರುವಾಗ ಮಿಸುಜು ದಾರಿಯುದ್ದಕ್ಕೂ ಪಾಠ ಹೇಳಿದಳು. "ನೋಡು, ಸಣ್ಣ ತಪ್ಪಿಗೆ ಬಿಸ್ಕತ್ತು ಸಾಕು. ದೊಡ್ಡ ತಪ್ಪಿಗೆ ಯೋಕಾನೇ ಆಗಬೇಕು. ಡಬ್ಬಿ ಕೈಗೆ ಭಾರವಾಗಿರಬೇಕು. ತಗೊಂಡೋರಿಗೆ, ಪಾಪ ಎಷ್ಟು ಮನಸ್ಸಿಗೆ ಹಚ್ಕೊಂಡಿದಾರೆ ಅನ್ನಿಸ್ಬೇಕು."

ಯೋಕಾನ್ ಎಂದರೆ ಕೆಂಪು ಕಾಳನ್ನು ಬೇಯಿಸಿ ಅರೆದು, ಸಕ್ಕರೆ ಸುರಿದು, ಇಟ್ಟಿಗೆಯ ಹಾಗೆ ಗಟ್ಟಿ ಮಾಡಿದ ಸಿಹಿ. ಒಂದು ತುಂಡು ತಿಂದರೆ ಸಂಜೆಯವರೆಗೆ ಹಸಿವಾಗುವುದಿಲ್ಲ.

"ಮತ್ತೆ ಕೊಲೆ ಮಾಡಿದ್ರೆ?" ಎಂದು ನಾನು ಕೇಳಿದೆ.

"ಅದಕ್ಕೆ ಎರಡು ಡಬ್ಬಿ," ಎಂದಳು. ಇಬ್ಬರೂ ರಸ್ತೆಯಲ್ಲೇ ನಿಂತು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ನಾನು ತುರ್ಕಿಯ ಕುತಾಹ್ಯಾ ಊರಿನವಳು. ಹೆಸರು ಹಂದಾನ್. ನಮ್ಮದು ತಟ್ಟೆ ಬಟ್ಟಲುಗಳ ಮೇಲೆ ಹೂ ಬಳ್ಳಿ ಬರೆಯುವವರ ಮನೆ. ನಮ್ಮಲ್ಲಿ ತಪ್ಪಾದರೆ ಮೊದಲು ಎಲ್ಲರೂ ಕೂಗಾಡುತ್ತಾರೆ, ಆಮೇಲೆ ಯಾರಾದರೂ ಅಳುತ್ತಾರೆ, ಅದಾದ ಮೇಲೆ ಚಹಾ ಬರುತ್ತದೆ. ತಪ್ಪು ಮಾಡಿದವರನ್ನು ಬಿಟ್ಟು ಬೇರೆ ಯಾರೋ ಹೋಗಿ ತಲೆ ಬಗ್ಗಿಸುವುದು ನಮಗೆ ಗೊತ್ತಿಲ್ಲ. ಅದು ಇಷ್ಟು ಹಿತವಾಗಿರುತ್ತದೆ ಎಂದೂ ನನಗೆ ಗೊತ್ತಿರಲಿಲ್ಲ. ಒಂದು ವರ್ಷದ ಮಟ್ಟಿಗೆ ಇಲ್ಲಿನ ಕಲಾ ಕಾಲೇಜಿಗೆ ಬಂದವಳು ನಾನು. ಬಂದವರಿಗೆಲ್ಲ ಕಾಲೇಜಿನವರು ಒಬ್ಬ ಸ್ಥಳೀಯ ಜೊತೆಗಾರ್ತಿಯನ್ನು ಕೊಡುತ್ತಾರೆ. ನನ್ನ ಪಾಲಿಗೆ ಬಂದವಳು ಮಿಸುಜು, ಕೊನೆಯ ವರ್ಷದ ವಿದ್ಯಾರ್ಥಿನಿ. ಒಂದೇ ಮನೆಯಲ್ಲಿ ಪಕ್ಕಪಕ್ಕದ ಕೋಣೆ, ಒಂದೇ ಅಡುಗೆಮನೆ. ಅಂಗಡಿಯಲ್ಲಿ ಪ್ರತಿ ಪೊಟ್ಟಣವನ್ನೂ ತಿರುಗಿಸಿ, ಇರುವೆಯಂಥ ಅಕ್ಷರಗಳನ್ನು ಓದಿ, "ಇದರಲ್ಲಿ ಹಂದಿ ಇದೆ, ಇಡು. ಇದರಲ್ಲಿ ಇಲ್ಲ, ತಗೋ," ಎನ್ನುತ್ತಿದ್ದಳು. ಸಂಜೆ ಊಟದ ಡಬ್ಬಿಗಳಿಗೆ ಅರ್ಧ ಬೆಲೆಯ ಚೀಟಿ ಅಂಟಿಸುವ ಹೊತ್ತಿಗೆ ಸರಿಯಾಗಿ ಇಬ್ಬರೂ ಸೈಕಲ್ ತುಳಿದುಕೊಂಡು ಹೋಗಿ, ಏನೂ ತಿಳಿಯದವರಂತೆ ಆ ಕಪಾಟಿನ ಸುತ್ತ ಅಲೆಯುತ್ತಿದ್ದೆವು. ಅವಳನ್ನು ನಾನು ಅಕ್ಕ ಎಂದೇ ತಿಳಿದಿದ್ದೆ. ಈಗ ಆ ಮಾತು ಬರೆಯುವಾಗ ಕೈ ಹಿಂದೆಗೆಯುತ್ತದೆ, ಆದರೆ ತಿಳಿದಿದ್ದದ್ದು ನಿಜ.

ನನಗೆ ಬೇಕಾಗಿದ್ದದ್ದು ಒಂದೇ. ಮಾರ್ಚಿಗೆ ಊರಿಗೆ ಹೋಗಬಾರದು. ಏಪ್ರಿಲ್‌ನಿಂದ ಕುವಾಬಾರಾ ಸೆನ್ಸೇಯ ಕೈಕೆಳಗೆ ಉಳಿಯಬೇಕು. ಸೆನ್ಸೇ ಅಂದರೆ ನಮ್ಮ ಮೇಷ್ಟ್ರು. ಕಾಲೇಜಿನ ಹಿಂದಿನ ಗುಡ್ಡದಲ್ಲಿ ಮಡಕೆ ಬೇಯಿಸುವ ಅವರ ಸ್ವಂತ ಆವಿಗೆ ಇದೆ. ಗುಡ್ಡಕ್ಕೆ ಒರಗಿಕೊಂಡು ಮಲಗಿದ, ಸೌದೆಯಲ್ಲೇ ಸುಡುವ ಹಳೆಯ ಕಾಲದ್ದು. ಆ ಬೆಂಕಿಯಿಂದ ಹೊರಬಂದ ಮಡಕೆಯ ಮೇಲೆ ಬೂದಿ ತಾನಾಗಿ ಕರಗಿ ಹಸಿರು ಗಾಜಾಗಿ ಇಳಿದಿರುವುದನ್ನು ನೋಡಿದ ದಿನ, ನಮ್ಮ ಮನೆಯ ಹೂ ಬಳ್ಳಿಗಳೆಲ್ಲ ನನ್ನ ಪಾಲಿಗೆ ಸತ್ತುಹೋದವು. ಸೆನ್ಸೇ ವರ್ಷಕ್ಕೆ ಒಬ್ಬರನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ಬೇಸಿಗೆ ರಜೆಯ ಮುನ್ನ ಧೈರ್ಯ ಮಾಡಿ ಕೇಳಿದ್ದೆ. ಅವರು ನಾನು ನಾದುತ್ತಿದ್ದ ಮಣ್ಣನ್ನು ಬೆರಳಲ್ಲಿ ಒತ್ತಿ ನೋಡಿ, "ಇದೇನು ಮಣ್ಣಾ, ಬೆಣ್ಣೇನಾ? ಗಾಳಿಗುಳ್ಳೆ ತುಂಬಿದೆ. ಮತ್ತೆ ನಾದು. ಏಪ್ರಿಲ್ ಹೊತ್ತಿಗಾದ್ರೂ ಕಲ್ತಿದ್ರೆ ಕಿಟಕಿ ಪಕ್ಕದ ತಿಗರಿ ನಿನ್ನದು," ಎಂದಿದ್ದರು. ಅಷ್ಟು ಹೇಳಿದರೆ ಆಯಿತೆಂದೇ ಲೆಕ್ಕ. ಫೆಬ್ರವರಿಯಲ್ಲಿ ಅವರು ಕಾಲೇಜಿಗೆ ಒಂದು ಹೆಸರು ಹೇಳುವುದಷ್ಟೇ ಬಾಕಿ.

ಕಾಲೇಜಿನ ಸಂದರ್ಶನಕ್ಕೆ ಮಿಸುಜುವೇ ನನ್ನನ್ನು ತಯಾರು ಮಾಡುತ್ತಿದ್ದಳು. ಕೆಳಗೆ ಕಾವು ಇರುವ ಗಿಡ್ಡ ಮೇಜು ಕೋತಾತ್ಸುವಿನ ಕಂಬಳಿಯೊಳಗೆ ಇಬ್ಬರೂ ಕಾಲು ತೂರಿಸಿ ಕೂತು, ಅವಳು ಗಂಟಲು ದಪ್ಪ ಮಾಡಿ ಪ್ರಿನ್ಸಿಪಾಲರಂತೆ ಕೇಳುವುದು, ನಾನು ಉತ್ತರ ಹೇಳುವುದು. "ನೀವು ಜಪಾನಿನಲ್ಲೇ ಏಕೆ ಉಳಿಯಬಯಸುತ್ತೀರಿ?" ನಾನು ಅದೇ ಉತ್ತರವನ್ನು ಎಷ್ಟು ಸಲ ಹೇಳಿದ್ದೆನೋ. ಅವಳು ಒಂದೊಂದು ಮಾತನ್ನೂ ತಿದ್ದಿದ್ದಳು.

ನವೆಂಬರಿನಲ್ಲಿ ಆವಿಗೆಗೆ ಬೆಂಕಿ ಹಾಕಿದೆವು. ಎಲ್ಲರ ವರ್ಷದ ಕೆಲಸವೂ ಒಳಗಿತ್ತು. ಬೆಂಕಿಯ ಬಾಯಿಗೆ ಹತ್ತಿರ, ಒಳ್ಳೆಯ ಜಾಗದಲ್ಲಿ, ಸೆನ್ಸೇಯ ದೊಡ್ಡ ಹಂಡೆ. ಅದರ ಹಿಂದೆ ಕೊನೆಯ ವರ್ಷದವರ ಕೆಲಸ, ಮೂಲೆಯಲ್ಲಿ ನನ್ನ ಬಟ್ಟಲುಗಳು. ಸರದಿಯ ಮೇಲೆ ಸೌದೆ ಹಾಕಿದೆವು. ನನ್ನ ಸರದಿಯ ಜೊತೆಗಾರ ತೆಪ್ಪೇ. ಅವನೂ ಮಿಸುಜುವಿನ ಓರಗೆಯವನು, ಕಡಿಮೆ ಮಾತಿನವನು. ಈ ಗುಡ್ಡದ ಆವಿಗೆಗಳಿಗೆಲ್ಲ ಮಣ್ಣು ಕೊಡುವುದು ಅವನ ಅಪ್ಪನೇ. ತೆಪ್ಪೇ ಆ ಸಲ ಮಡಕೆಗಳಿಗೆ ಹೊಸ ಬಗೆಯ ಮೆರುಗಿನ ಲೇಪ ಪ್ರಯತ್ನಿಸಿದ್ದ. ಅದು ಹೇಗೆ ಬಂದೀತೋ ಎಂದು ಊಟ ಬಿಟ್ಟು ಕೂತಿದ್ದ. ಅವನನ್ನು ನಗಿಸಲೆಂದು ನಾನು ಎಲ್ಲರೆದುರೇ, "ಮುಚ್ಚಿದ ಮೇಲೆ ಒಂದೇ ಒಂದು ಇಟ್ಟಿಗೆ ತೆಗೆದು ಇಣುಕಿ ನೋಡಿಬಿಡೋಣ್ವಾ?" ಎಂದೆ. ಎಲ್ಲರೂ ನಕ್ಕರು. ಆವಿಗೆಯ ಬಾಯನ್ನು ಇಟ್ಟಿಗೆ ಇಟ್ಟು ಮಣ್ಣು ಮೆತ್ತಿ ಮುಚ್ಚಿದ ಮೇಲೆ, ಅದು ತಾನಾಗಿ ಪೂರ್ತಿ ಆರುವವರೆಗೆ ಯಾರೂ ಕೈ ಹಚ್ಚುವುದಿಲ್ಲ. ಹೊರಗಿನ ತಣ್ಣನೆ ಗಾಳಿ ಒಂದು ಸಂದಿಯಿಂದ ಒಳಗೆ ನುಗ್ಗಿದರೂ ಕೆಂಪಗಿರುವ ಮಡಕೆಗಳು ಸೀಳಿಬಿಡುತ್ತವೆ.

ಬಾಯಿ ಮುಚ್ಚಿದ ಸಂಜೆಯೇ ನನಗೆ ಜ್ವರ ಹತ್ತಿತು. ಬೆಂಕಿಯೆದುರು ಬೆವರುವುದು, ಗುಡ್ಡದ ಗಾಳಿಯಲ್ಲಿ ನಡುಗುವುದು, ಇದೇ ಆಗಿತ್ತಲ್ಲ. ಆವಿಗೆ ತೆರೆಯುವ ಹಿಂದಿನ ದಿನದವರೆಗೂ ನಾನು ಹಾಸಿಗೆ ಬಿಡಲಿಲ್ಲ. ಮಿಸುಜು ಕ್ಲಾಸು ಬಿಟ್ಟು ಪಕ್ಕದಲ್ಲಿ ಕೂತಳು. ಅಕ್ಕಿ ಗಂಜಿ ಮಾಡಿದಳು. ಸೆನ್ಸೇಯ ಹೆಂಡತಿ, ನಾವೆಲ್ಲ ಅಮ್ಮಾವ್ರು ಎನ್ನುತ್ತಿದ್ದವರು, ಗಂಜಿಗೆಂದು ತಮ್ಮ ಕೈಯಾರೆ ಉಪ್ಪಿಗೆ ಹಾಕಿದ ಹುಳಿ ಹಣ್ಣು ಕೊಟ್ಟು ಕಳಿಸಿದ್ದರು. "ತಿನ್ನು ಕಣೇ, ಮುಖ ಕಿವುಚಬೇಡ," ಎಂದು ಮಿಸುಜು ಚಮಚದಲ್ಲಿ ತಿನ್ನಿಸಿದಳು.

ಆವಿಗೆ ತೆರೆದ ಬೆಳಿಗ್ಗೆ ಎಲ್ಲರೂ ಸಾಲಾಗಿ ನಿಂತೆವು. ಸೆನ್ಸೇ ಮೊದಲ ಇಟ್ಟಿಗೆಗೆ ಕೈ ಹಾಕುವ ಮೊದಲೇ ತಡೆದು ನಿಂತರು. ಮೇಲಿನ ಸಾಲಿನ ಒಂದು ಇಟ್ಟಿಗೆಯ ಸುತ್ತ ಮೆತ್ತಿದ ಮಣ್ಣು ಬೇರೆ ಬಣ್ಣಕ್ಕಿತ್ತು, ಯಾರೋ ತೆಗೆದು ಮತ್ತೆ ಮೆತ್ತಿದಂತೆ. ಆ ಮಣ್ಣನ್ನು ಅವರು ಉಗುರಿನಿಂದ ಕೆರೆದರು. ಇಟ್ಟಿಗೆಗಳನ್ನು ಇಳಿಸಿದರು. ಅವರ ಹಂಡೆ ಕತ್ತಿನಿಂದ ತಳದವರೆಗೆ ಸೀಳಿತ್ತು. ಅದರ ಹಿಂದಿನ ಸಾಲೂ ಹೋಗಿತ್ತು. ಮೂಲೆಯಲ್ಲಿದ್ದುದರಿಂದ ನನ್ನ ಬಟ್ಟಲುಗಳು ಮಾತ್ರ ಉಳಿದಿದ್ದವು, ಅದೂ ನನ್ನ ಗ್ರಹಚಾರಕ್ಕೆ.

ನಮ್ಮೂರಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಯಾರದಾದರೂ ಕೊರಳಪಟ್ಟಿ ಯಾರದಾದರೂ ಕೈಯಲ್ಲಿ ಇರುತ್ತಿತ್ತು. ಇಲ್ಲಿ ಒಬ್ಬರೂ "ಯಾರು?" ಎಂದು ಕೇಳಲಿಲ್ಲ. ಚೂರುಗಳನ್ನು ಬುಟ್ಟಿಗೆ ತುಂಬಿದರು, ಗುಡಿಸಿದರು, ಹತ್ತು ಗಂಟೆಗೆ ಎಂದಿನಂತೆ ಚಹಾ ಕುಡಿದರು. ನಾನೊಬ್ಬಳೇ ತಡೆಯಲಾರದೆ ಮಿಸುಜುವಿನ ಕಿವಿಯಲ್ಲಿ, "ಯಾವ ಪಾಪಿ ಮಾಡಿದ್ದು ಇದು?" ಎಂದೆ. ಅವಳು ಬಟ್ಟಲಿನೊಳಗೆ ನೋಡುತ್ತಾ, "ಶ್, ಈಗ ಬೇಡ," ಎಂದಳು.

ಆಮೇಲೆ ಸೆನ್ಸೇ ನನ್ನನ್ನು ಬೈಯುವುದು ನಿಲ್ಲಿಸಿದರು. ಅಲ್ಲಿಯವರೆಗೆ ಅವರ ಬೈಗುಳದಲ್ಲಿ ದೊಡ್ಡ ಪಾಲು ನನ್ನದೇ. ತಿಗರಿಯ ಮುಂದೆ ಕೂತರೆ ಸಾಕು, "ಮೊಣಕೈ!" "ಬೆನ್ನು!" "ಅದೇನು ಬಟ್ಟಲೋ ಟೋಪಿಯೋ?" ಎಂದು ಹಿಂದಿನಿಂದ ಬಾಣ ಬರುತ್ತಿತ್ತು. ಈಗ ನನ್ನ ಹಿಂದೆ ನಿಂತು, "ಹಂದಾನ್ ಅವರೇ, ಚೆನ್ನಾಗಿ ಬಂದಿದೆ," ಎನ್ನತೊಡಗಿದರು. ತಳ ವಾಲಿದ್ದ ಬಟ್ಟಲನ್ನೂ ಚೆನ್ನಾಗಿದೆ ಎಂದರು. ಮೊದಮೊದಲು ನಾನು ಪೆದ್ದಿಯ ಹಾಗೆ ಹಿಗ್ಗಿದೆ. ವಾರ ಕಳೆದ ಮೇಲೆ ಎದೆಯಲ್ಲಿ ಏನೋ ಕುಟುಕತೊಡಗಿತು. ಸಹಪಾಠಿಗಳೂ ಬದಲಾಗಿದ್ದರು. ಮೊದಲಿಗಿಂತ ಹೆಚ್ಚು ಮರ್ಯಾದೆ. ಸೌದೆ ಹೊರಲು ಹೋದರೆ, "ನೀವು ಬಿಡಿ, ಪರವಾಗಿಲ್ಲ," ಎಂದು ಕೈಯಿಂದ ಕಿತ್ತುಕೊಳ್ಳುತ್ತಿದ್ದರು.

ಡಿಸೆಂಬರಿನ ಒಂದು ಮಧ್ಯಾಹ್ನ ಬೂದಿ ಜರಡಿ ಹಿಡಿಯಲು ಸೆನ್ಸೇಯ ಮನೆಗೆ ಹೋದೆ. ಅಮ್ಮಾವ್ರು ಅಂಗಳದಲ್ಲಿ ಪರ್ಸಿಮನ್ ಹಣ್ಣು ಸುಲಿದು ದಾರಕ್ಕೆ ಕಟ್ಟುತ್ತಿದ್ದರು. ನನ್ನನ್ನು ಕಂಡವರೇ ಕೈ ಒರೆಸಿಕೊಂಡು ಎದ್ದರು.

"ಅಂದಹಾಗೆ ಹಂದಾನ್, ಆವತ್ತು ನಿನ್ನ ಕಡೆಯಿಂದ ಬಂದ ಯೋಕಾನ್ ತುಂಬಾ ಚೆನ್ನಾಗಿತ್ತಮ್ಮ. ಚೆಸ್ಟ್‌ನಟ್ ಹಾಕಿದ್ದು! ಅಷ್ಟು ಭಾರದ್ದು ಯಾಕೆ ತರೋಕೆ ಹೋದ್ರಿ?"

ನಾನು ಯಾರಿಗೂ ಯೋಕಾನ್ ಕಳಿಸಿರಲಿಲ್ಲ.

"ಯಾವತ್ತು ಅಮ್ಮಾವ್ರೇ?" ಎಂದೆ.

"ಅದೇ, ಆವಿಗೆ ತೆರೆದ ಮಾರನೇ ದಿನ. ಮಿಸುಜು ತಂದುಕೊಟ್ಟಳಲ್ಲ. ಪಾಪ, ಹುಡುಗಿ ತಲೇನ ನೆಲದಿಂದ ಎತ್ತಲೇ ಇಲ್ಲ. 'ಹಂದಾನ್ ಆತುರದವಳು, ಅವಳ ಪರವಾಗಿ ಕ್ಷಮಿಸಿಬಿಡಿ' ಅಂತ." ಅವರು ನಕ್ಕು ನನ್ನ ತೋಳು ತಟ್ಟಿದರು. "ಹೋಗ್ಲಿ ಬಿಡು, ಆಗಿದ್ದಾಯ್ತು. ಯಾರೂ ಮನಸ್ಸಲ್ಲಿ ಇಟ್ಕೊಂಡಿಲ್ಲ."

ಜರಡಿಯನ್ನು ಅಲ್ಲೇ ಬಿಟ್ಟೆ. ಗುಡ್ಡ ಇಳಿದು ಮನೆ ಸೇರಿದ್ದು ಹೇಗೆಂದು ನೆನಪಿಲ್ಲ.

ಮಿಸುಜು ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದಳು. ಶೂ ಬಿಚ್ಚದೆ ಒಳಗೆ ಬಂದೆ. ಅವಳು ಮೊದಲು ನೋಡಿದ್ದು ನನ್ನ ಶೂಗಳನ್ನು.

"ಹಂದಾನ್, ಶೂ..."

"ಯೋಕಾನ್ ಎಷ್ಟು ಭಾರ ಇತ್ತು?" ಎಂದೆ.

ಅವಳ ಕೈ ಅಕ್ಕಿ ನೀರಿನಲ್ಲೇ ನಿಂತುಬಿಟ್ಟಿತು. ಸುಳ್ಳು ಹೇಳುವ ಪ್ರಯತ್ನವನ್ನೂ ಮಾಡಲಿಲ್ಲ. ಅದೂ ನನಗೆ ಸಿಟ್ಟು ತರಿಸಿತು.

"ಯಾರಾದ್ರೂ ಕ್ಷಮೆ ಕೇಳಲೇಬೇಕಿತ್ತು," ಎಂದಳು ಮೆಲ್ಲಗೆ. "ಎಲ್ಲರೂ ಕಾಯ್ತಿದ್ರು. ಯಾರೂ ಕೇಳದೇ ಇದ್ರೆ ಅಲ್ಲಿ ಕೂತು ಕೆಲಸ ಮಾಡೋಕೆ ಆಗ್ತಿರಲಿಲ್ಲ ಕಣೇ. ನೀನೂ ನೋಡಿದೀಯಲ್ಲ, ಆವತ್ತು ಯಾರೂ ಯಾರ ಮುಖಾನೂ ನೋಡ್ತಿರಲಿಲ್ಲ."

"ಹಾಗಂತ ನನ್ನ ಹೆಸರಾ? ನಾನು ಇಟ್ಟಿಗೆ ಮುಟ್ಟಿಲ್ಲ!"

"ಗೊತ್ತು."

"ಏನು ಗೊತ್ತು?"

"ನೀನಲ್ಲ ಅಂತ ಗೊತ್ತು. ನೀನು ಜ್ವರದಲ್ಲಿ ಮಲಗಿದ್ದೆ. ಗಂಜಿ ತಿನ್ನಿಸಿದ್ದು ನಾನೇ ಅಲ್ವಾ."

ನನ್ನ ಮೇಲೆ ಅನುಮಾನಪಟ್ಟು ಹೋಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ನಾನು ನಿರಪರಾಧಿ ಎಂದು ಈ ಭೂಮಿಯ ಮೇಲೆ ಎಲ್ಲರಿಗಿಂತ ಚೆನ್ನಾಗಿ ತಿಳಿದವಳು ಅವಳು. ಆ ತಿಳಿವಳಿಕೆಯನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿ ನೆಲಕ್ಕೆ ಹಣೆ ಹಚ್ಚಿ ಬಂದಿದ್ದಾಳೆ.

"ಮತ್ತೆ ಯಾರು?"

ಅವಳು ನೀರಿನಿಂದ ಕೈ ತೆಗೆದು ಒರೆಸಿಕೊಂಡಳು. "ತೆಪ್ಪೇ. ಅವನೇ ಬಂದು ನನ್ನ ಹತ್ರ ಅತ್ತ. ಮೆರುಗು ಕರಗಿದೆಯೋ ಇಲ್ಲವೋ ನೋಡದೆ ಇರೋಕಾಗಲಿಲ್ವಂತೆ. ಹಂದಾನ್, ಅವನು ಇದೇ ಗುಡ್ಡದಲ್ಲಿ ಸಾಯೋತನಕ ಇರಬೇಕಾದವನು. ಆವಿಗೆ ಹಾಳುಮಾಡಿದವನು ಅಂತ ಒಂದು ಸಲ ಹೆಸರು ಬಂದ್ರೆ ಯಾವ ಮನೆಯವರೂ ಅವನನ್ನ ಬೆಂಕಿ ಹತ್ರ ಸೇರಿಸಲ್ಲ. ಅವನಪ್ಪ ಸೆನ್ಸೇ ಮುಖ ಹೇಗೆ ನೋಡ್ತಾರೆ? ನೀನು... ನೀನು ಮಾರ್ಚಿಗೆ ಹೋಗಿಬಿಡ್ತೀಯ. ಊರಲ್ಲಿ ನಿನ್ನನ್ನ ಯಾರು ಕೇಳ್ತಾರೆ ಇದನ್ನ?"

"ಎಲ್ಲಿಗೆ ಹೋಗ್ತೀನಿ? ಏಪ್ರಿಲ್‌ನಿಂದ ಇಲ್ಲೇ ಇರ್ತೀನಿ ಅಂತ ನಿನಗೆ ಗೊತ್ತಿಲ್ವಾ? ಸಂದರ್ಶನಕ್ಕೆ ಗಿಳಿಪಾಠ ಹೇಳಿಕೊಟ್ಟೋಳು ಯಾರು, ನಿಮ್ಮಜ್ಜೀನಾ?"

"ಬಂದವರೆಲ್ಲ ಹಾಗೇ ಅಂತಾರೆ," ಎಂದಳು ಮಿಸುಜು. "ನಿನಗಿಂತ ಮೊದಲು ಬಂದವಳೂ ಅಂದಿದ್ದಳು. ಕೊನೆಗೆ ಎಲ್ಲರೂ ಹೋಗ್ತಾರೆ."

ಅಂದರೆ ಅಷ್ಟೂ ಸಂಜೆ ಕೋತಾತ್ಸುವಿನಲ್ಲಿ ಕೂತು ಗಂಟಲು ದಪ್ಪ ಮಾಡಿ ನನ್ನನ್ನು ಪ್ರಶ್ನೆ ಕೇಳುವಾಗ, ಅವಳು ನನ್ನ ಉತ್ತರವನ್ನು ನಂಬಿರಲೇ ಇಲ್ಲ. ಮಗು ಆಟದ ಸೌಟು ತಿರುವುತ್ತಾ ಅಡುಗೆ ಆಯ್ತು ಎಂದರೆ, ಹೌದಾ ಕಂದಾ, ಎನ್ನುವುದಿಲ್ಲವೇ, ಅಷ್ಟೇ. ಅಲ್ಲಿ ನಿಲ್ಲಲಾಗಲಿಲ್ಲ. ನಾನು ಸೀದಾ ಗುಡ್ಡ ಹತ್ತಿದೆ.

ಆವಿಗೆಯ ಹಿಂದೆ ತೆಪ್ಪೇ ಪೈನ್ ಸೌದೆ ಸೀಳುತ್ತಿದ್ದ. ಅವನನ್ನು ಹಿಗ್ಗಾಮುಗ್ಗಾ ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಕೊಡಲಿ ಕೆಳಗಿಟ್ಟು, ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ನನಗೆ ಬಗ್ಗಿ ನಮಸ್ಕರಿಸಿದ. ಎದ್ದಾಗ ಕಣ್ಣು ಒದ್ದೆಯಾಗಿತ್ತು.

"ಹಂದಾನ್ ಅವರೇ, ಎಷ್ಟು ದಿನದಿಂದ ಹೇಳಬೇಕು ಅಂತಿದ್ದೆ. ಧೈರ್ಯ ಬರಲಿಲ್ಲ. ನೀವು ನನ್ನ ತಪ್ಪನ್ನ ನಿಮ್ಮ ತಲೆ ಮೇಲೆ ಹಾಕ್ಕೊಂಡ್ರಿ. ಈ ಉಪಕಾರ ನಾನು ಸಾಯೋವರೆಗೆ ಮರೆಯಲ್ಲ."

"ನಾನು ಹಾಕ್ಕೊಂಡೆ ಅಂತ ಯಾರು ಹೇಳಿದ್ದು?"

"ಮಿಸುಜು. ನೀವೇ ಅವಳ ಹತ್ರ, 'ಹೇಗಿದ್ರೂ ನಾನು ಹೋಗೋಳು, ನನ್ನ ಹೆಸರೇ ಹೇಳು' ಅಂದ್ರಂತೆ."

ನನಗೆ ನಗು ಬಂತು, ಒಳ್ಳೆಯ ನಗುವಲ್ಲ. "ತೆಪ್ಪೇ, ನನ್ನನ್ನ ಯಾರೂ ಕೇಳಿಲ್ಲ. ಯೋಕಾನ್ ಹೋಗಿದ್ದೇ ನನಗೆ ಗೊತ್ತಾಗಿದ್ದು ಇವತ್ತು."

ಅವನ ಮುಖ ಸುಣ್ಣದ ಹಾಗಾಯಿತು. ತಪ್ಪಿಸಿಕೊಳ್ಳುತ್ತಾನೆ ಎಂದುಕೊಂಡೆ. ಅವನು ಕೊಡಲಿಯನ್ನು ನೋಡಿದ, ಕೆಳಗೆ ರಸ್ತೆಯಲ್ಲಿ ನಿಂತಿದ್ದ ತನ್ನಪ್ಪನ ಲಾರಿಯನ್ನು ನೋಡಿದ, ಆಮೇಲೆ ಬಟ್ಟೆಯಿಂದ ಮುಖ ಒರೆಸಿಕೊಂಡು, "ಬನ್ನಿ," ಎಂದ. ಅವನ ಬಗ್ಗೆ ನನ್ನ ಸಿಟ್ಟು ಅಲ್ಲಿಗೆ ಇಳಿಯಿತು.

ಸೆನ್ಸೇ ತಮ್ಮ ಕೋಣೆಯಲ್ಲಿ ಕನ್ನಡಕ ಹಾಕಿಕೊಂಡು, ಸೀಳಿದ ಹಂಡೆಯ ಎರಡು ಹೋಳುಗಳನ್ನು ಜೋಡಿಸಿ ನೋಡುತ್ತಿದ್ದರು. ತೆಪ್ಪೇ ಹೊಸ್ತಿಲಲ್ಲೇ ಮಂಡಿಯೂರಿದ. "ಸೆನ್ಸೇ, ಇಟ್ಟಿಗೆ ತೆಗೆದಿದ್ದು ನಾನು. ಹಂದಾನ್ ಅವರಿಗೂ ಇದಕ್ಕೂ ಸಂಬಂಧ ಇಲ್ಲ," ಎಂದು ಒಂದೇ ಉಸಿರಿಗೆ ಹೇಳಿದ.

ಸರಿ, ಈಗ ಎಲ್ಲವೂ ನೆಟ್ಟಗಾಗುತ್ತದೆ ಎಂದು ನಾನು ಉಸಿರು ಬಿಟ್ಟೆ.

ಸೆನ್ಸೇ ಹೋಳುಗಳನ್ನು ಬೇರೆ ಮಾಡಿ ಕೆಳಗಿಟ್ಟರು. "ಗೊತ್ತು," ಎಂದರು.

ಆ ದಿನ ಅದೇ ಮಾತು ಎರಡನೇ ಸಲ ಕೇಳಿದ್ದು ನಾನು.

"ಗೊತ್ತಿತ್ತಾ ಸೆನ್ಸೇ?"

"ಹಂದಾನ್ ಅವರು ಜ್ವರದಲ್ಲಿ ಮಲಗಿದ್ರು ಅಂತ ಗಂಜಿಗೆ ಹುಳಿ ಹಣ್ಣು ಕಳಿಸಿದ್ದು ನಮ್ಮ ಮನೆಯಿಂದಲೇ ಅಲ್ವೇ? ಮೆತ್ತಿದ ಮಣ್ಣು ಯಾರ ಕೈದು ಅಂತ ನೋಡಿದ್ರೂ ತಿಳಿಯತ್ತೆ. ಎಲ್ಲರಿಗೂ ಗೊತ್ತು."

"ಮತ್ತೆ ಯೋಕಾನ್ ಯಾಕೆ ತಗೊಂಡ್ರಿ?" ಅಂಥ ಪ್ರಶ್ನೆಯನ್ನು ಇಲ್ಲಿ ಯಾರೂ ಕೇಳುವುದಿಲ್ಲ. ನಾನು ಕೇಳಿದೆ.

"ತಪ್ಪು ಯಾರದು ಅನ್ನೋದು ಬೇರೆ. ಮುಗಿಸೋದು ಬೇರೆ," ಎಂದರು ಸೆನ್ಸೇ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ಒಬ್ಬರು ಬಂದು ಕೇಳಿದ್ರು, ನಾನು ಸರಿ ಅಂದೆ. ಅಲ್ಲಿಗೆ ಮುಗೀತು. ಮುಗಿದದ್ದನ್ನ ಮತ್ತೆ ತೆರೆಯೋಕೆ ಬರಲ್ಲ. ತೆಪ್ಪೇ, ನೀನು ಎದ್ದು ಹೋಗು, ಕತ್ತೆ. ಸೌದೆ ಅರ್ಧ ಸೀಳಿ ಬಂದಿದೀಯ. ನಿಮ್ಮಪ್ಪನ ಮುಂದೆ ಇದನ್ನೆಲ್ಲ ಬಾಯಿ ಬಿಟ್ಟೀಯ, ಹುಷಾರ್!"

ತೆಪ್ಪೇ ನನ್ನ ಕಡೆ ನೋಡಿದ. ಅವನು ಎದ್ದು ಹೋದ.

"ಸೆನ್ಸೇ, ನನ್ನ ಏಪ್ರಿಲ್?" ಎಂದೆ.

ಅವರು ಕೆಟಲಿನಿಂದ ನೀರು ಸುರಿದು ಚಹಾ ಮಾಡತೊಡಗಿದರು. ಬಟ್ಟಲನ್ನು ನನ್ನ ಮುಂದೆ ಇಟ್ಟರು. "ಗುಡ್ಡದ ಮೇಲಿನ ಎಲ್ಲ ಆವಿಗೆಯವರೂ ತಪ್ಪು ಹಂದಾನ್ ಅವರದು ಅಂತ ಒಪ್ಪಿ ಮರೆತುಬಿಟ್ಟಿದಾರೆ. ಈಗ ನಾನೇ ನಿಮ್ಮನ್ನ ಬೆಂಕಿ ಹತ್ರ ಇಟ್ಕೊಂಡ್ರೆ, ಯಾಕೆ ಅಂತ ಕೇಳ್ತಾರೆ. ಅವಳದಲ್ಲ ಅಂದ್ರೆ, ಮತ್ತೆ ಯಾರದು ಅಂತಾರೆ. ನೀವು ಒಳ್ಳೇ ಕುಂಬಾರಗಿತ್ತಿ ಆಗ್ತೀರಿ. ನಿಮ್ಮ ಊರಲ್ಲಿ."

ನಾನು ಚಹಾ ಮುಟ್ಟಲಿಲ್ಲ. ಜಾಗ ಖಾಲಿಯೇ ಉಳಿಯುತ್ತದಾ, ಸ್ವಲ್ಪ ದಿನ ಕಳೆದ ಮೇಲೆ, ಮುಂದಿನ ವರ್ಷವಾದರೂ... ಹೀಗೇನೋ ನಾಚಿಕೆಬಿಟ್ಟು ಬೇಡಿಕೊಂಡೆ.

"ಏಪ್ರಿಲ್‌ಗೆ ಮಿಸುಜು ಬರ್ತಾಳೆ," ಎಂದರು ಸೆನ್ಸೇ. "ಯೋಕಾನ್ ತಂದ ಆವತ್ತೇ ಅಂದ್ಕೊಂಡೆ. ಕೈ ಕೆಲಸದಲ್ಲಿ ನೀವೇ ಮೇಲು, ಅದು ನಿಜ. ಆದರೆ ತನ್ನದಲ್ಲದ ತಪ್ಪಿಗೆ ಅಷ್ಟು ಚೆನ್ನಾಗಿ ತಲೆ ಬಗ್ಗಿಸೋಕೆ ಎಲ್ಲರಿಗೂ ಬರಲ್ಲ. ಹತ್ತು ಜನ ಸೇರಿ ಸುಡೋ ಆವಿಗೆಗೆ ಅಂಥವಳೊಬ್ಬಳು ಬೇಕು."

ಎದ್ದು ಬಂದೆ. ಬಾಗಿಲಲ್ಲಿ ಅಮ್ಮಾವ್ರು ಕಾಗದದಲ್ಲಿ ಸುತ್ತಿದ ಪರ್ಸಿಮನ್ ಕೈಗಿಟ್ಟರು. ಅವರಿಗೂ ಗೊತ್ತಿತ್ತು. ನಗುತ್ತಾ ನನ್ನ ತೋಳು ತಟ್ಟಿದಾಗಲೂ ಗೊತ್ತಿತ್ತು. ಹಣ್ಣನ್ನು ಅವರ ಮೆಟ್ಟಿಲ ಮೇಲೇ ಇಟ್ಟು ಬಂದೆ. ಆ ಊರಿನಲ್ಲಿ ಅದಕ್ಕಿಂತ ದೊಡ್ಡ ಅವಮಾನ ನಾನು ಯಾರಿಗೂ ಮಾಡಿರಲಿಲ್ಲ. ಮಾಡಿದೆನೆಂದು ಇಂದಿಗೂ ಬೇಸರವಿಲ್ಲ.

ಮನೆಯಲ್ಲಿ ಮಿಸುಜು ನನ್ನ ಶೂ ಗುರುತುಗಳನ್ನು ಒರೆಸಿ, ಅನ್ನ ಬೇಯಿಸಿ, ಇಬ್ಬರಿಗೂ ಬಟ್ಟಲು ಇಟ್ಟು ಕಾಯುತ್ತಿದ್ದಳು. ಕಿಟಕಿಯಲ್ಲಿ ಇನ್ನೂ ಸ್ವಲ್ಪ ಬೆಳಕಿತ್ತು. ಈ ಸಲ ಶೂ ಬಿಚ್ಚಿದೆ.

"ಏಪ್ರಿಲ್‌ಗೆ ನೀನಂತೆ," ಎಂದೆ.

ಅವಳು ತುಟಿ ಕಚ್ಚಿಕೊಂಡಳು. "ಅದನ್ನ ಮನಸ್ಸಲ್ಲಿಟ್ಕೊಂಡು ಹೋಗಿರಲಿಲ್ಲ ಹಂದಾನ್, ಆಣೆ ಮಾಡ್ತೀನಿ. ನಾನು ನಗೋಯಾದಲ್ಲಿ ಹೆಂಚಿನ ಕಂಪನಿಗೆ ಸೇರಬೇಕು ಅಂತಿದ್ದೆ, ನಿನಗೇ ಗೊತ್ತು. ಸೆನ್ಸೇನೇ ಕರೆದ್ರು."

ನಾನು ನಂಬಿದೆ. ನಂಬಿದ್ದರಿಂದ ಏನೂ ಕಡಿಮೆಯಾಗಲಿಲ್ಲ.

"ಕರೆದಾಗ, ಹಂದಾನ್‌ಗೆ ಈ ಜಾಗ ಬೇಕಿತ್ತು ಅಂತ ಒಂದು ಮಾತು ಅಂದ್ಯಾ?"

"ಇಲ್ಲ."

"ಯಾಕೆ?"

ಅನ್ನದ ಬಟ್ಟಲುಗಳಿಂದ ಹಬೆ ಏಳುವುದು ನಿಂತಿತು. "ನನಗೂ ಬೇಕು ಅನ್ನಿಸ್ತು," ಎಂದಳು. ಆ ವರ್ಷದಲ್ಲಿ ಅವಳು ನನಗೆ ಹೇಳಿದ ಅತ್ಯಂತ ನೇರವಾದ ಮಾತು ಅದು.

ಆಮೇಲೆ ಅವಳು ತನಗೆ ಬರುವ ಕೆಲಸಕ್ಕೆ ಇಳಿದಳು. ಕೂತಿದ್ದ ದಿಂಬನ್ನು ಪಕ್ಕಕ್ಕೆ ಸರಿಸಿದಳು, ಬರಿ ಚಾಪೆಯ ಮೇಲೆ ಮಂಡಿಯೂರಿದಳು, ಅಂಗಿ ನೇರ ಮಾಡಿಕೊಂಡಳು, ಎರಡೂ ಅಂಗೈಗಳನ್ನು ಮುಂದೆ ಚಾಪೆಯ ಮೇಲೆ ಊರಿದಳು. ಅವಳ ಬೆನ್ನು ಬಗ್ಗತೊಡಗಿತು. ಹಣೆ ಒಂದು ಸಲ ನೆಲ ಮುಟ್ಟಿದರೆ ಮುಂದೇನು ಎಂದು ನನಗೆ ಚೆನ್ನಾಗಿ ತಿಳಿದಿತ್ತು. ನಾನು ಪರವಾಗಿಲ್ಲ ಎನ್ನಬೇಕು, ಅನ್ನ ಆರಿತು ಏಳು ಎನ್ನಬೇಕು, ಮಾರ್ಚಿನಲ್ಲಿ ರೈಲು ನಿಲ್ದಾಣದಲ್ಲಿ ಇಬ್ಬರೂ ಅತ್ತು ಕೈ ಬೀಸಬೇಕು.

ನಾನು ಮುಂದೆ ಬಾಗಿ ಅವಳ ಎರಡೂ ಭುಜಗಳನ್ನು ಹಿಡಿದೆ. ಮಣ್ಣು ನಾದಿ ನಾದಿ ಗಟ್ಟಿಯಾದ ಕೈ, ಅವಳು ಅಲುಗಾಡದ ಹಾಗೆ ಹಿಡಿದೆ.

"ಬಿಡು ಹಂದಾನ್, ಕ್ಷಮೆ ಕೇಳಬೇಕು ನಾನು," ಎಂದು ಅವಳು ತಲೆಯನ್ನು ಕೆಳಗೆ ತಳ್ಳಿದಳು.

"ಇಲ್ಲ. ನೀನು ಬಗ್ಗಿಬಿಟ್ರೆ ಇದು ಮುಗಿದುಹೋಗತ್ತೆ. ಮುಗಿಯೋದು ಬೇಡ ನನಗೆ."

ಅವಳು ಇನ್ನೊಂದು ಸಲ ತಳ್ಳಿ ನೋಡಿದಳು. ನಾನು ಬಿಡಲಿಲ್ಲ. ಆಮೇಲೆ ಅವಳ ಬೆನ್ನಿನಲ್ಲಿ ಬಲ ಉಳಿಯಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ, ಕಣ್ಣುಗಳನ್ನು ಎಲ್ಲಿಡಬೇಕೆಂದೂ ತಿಳಿಯಲಿಲ್ಲ. ಬೇರೆ ದಾರಿಯಿಲ್ಲದೆ ಅವಳು ನನ್ನ ಮುಖವನ್ನೇ ನೋಡಬೇಕಾಯಿತು.